ಕ್ವಿರಿನ್ ಮೇಸ್ತ್ರಿಯ ಎರಡು ಪೀಪಾಯಿಗಳು

ಬೆಳಗಿನ ಕಾಫಿಗೆ ಮೊದಲು ಬಿಯರ್ ಭಟ್ಟಿಯ ನೆಲಮಾಳಿಗೆಗೆ ಇಳಿದು ಮರದ ಪೀಪಾಯಿಗಳನ್ನು ತಟ್ಟಿ ನೋಡುವುದನ್ನು ಕ್ವಿರಿನ್ ಲೆಖ್ನರ್ ಒಂದು ದಿನವೂ ತಪ್ಪಿಸಿದವನಲ್ಲ. ಮೆಟ್ಟಿಲ ಕೊನೆಯಲ್ಲಿ ಸಂತ ಫ್ಲೋರಿಯಾನನ ಮಸಿ ಹಿಡಿದ ಪಟವಿದೆ. ಅದರ ಕೆಳಗಿನ ತೀರ್ಥದ ಬಟ್ಟಲಿಗೆ ಬೆರಳದ್ದಿ ಹಣೆಗೆ, ಎದೆಗೆ ಮುಟ್ಟಿಸಿಕೊಳ್ಳುವನು. ಅದೇ ಒದ್ದೆ ಬೆರಳನ್ನು ಮಡಚಿ ಗೆಣ್ಣಿನಿಂದ ಪ್ರತಿ ಪೀಪಾಯಿಗೂ ಮೂರು ಸಲ ತಟ್ಟುವನು. ಆಮೇಲೆ ಬಲಗಿವಿಯನ್ನು ಮರಕ್ಕೆ ಒತ್ತಿ, ಉಸಿರು ಬಿಗಿಹಿಡಿದು ನಿಲ್ಲುವನು. ಜ್ವರ ಬಂದಿದ್ದಾಗಲೂ ಇಳಿದಿದ್ದಾನೆ. ಮಗಳ ಮದುವೆಯ ದಿನ ಹೊಸ ಕೋಟಿನಲ್ಲೇ ಇಳಿದು, ತೋಳಿಗೆ ರಾಳ ಮೆತ್ತಿಸಿಕೊಂಡು ಹೆಂಡತಿ ಬುರ್ಗಿಯ ಕೈಯಲ್ಲಿ ಬೈಸಿಕೊಂಡಿದ್ದಾನೆ.

ಅವನ ಅಪ್ಪನೂ ಎರ್ಲ್‌ಬ್ರುನ್ ಊರಿನ ಇದೇ ಭಟ್ಟಿಯಲ್ಲಿ ಪೀಪಾಯಿ ಮೇಸ್ತ್ರಿಯಾಗಿದ್ದ. ಮಗನ ಕಣ್ಣಿಗೆ ಹಿಟ್ಟಿನ ಚೀಲ ಕಟ್ಟಿ, ಸಾಲಾಗಿ ನಿಲ್ಲಿಸಿದ ಪೀಪಾಯಿಗಳ ಮುಂದೆ ನಡೆಸಿ, ಯಾವುದರಲ್ಲಿ ಏನಿದೆ ಎಂದು ತಟ್ಟಿಯೇ ಹೇಳಿಸುತ್ತಿದ್ದ. ಬಿಯರ್ ತುಂಬಿದ್ದು ಬಿಗಿದ ಡೋಲಿನ ಹಾಗೆ ಮಾತಾಡುತ್ತದೆ, ನೀರು ತುಂಬಿದ್ದು ಒದ್ದೆ ಮೂಟೆಯ ಹಾಗೆ ಸುಮ್ಮನಿರುತ್ತದೆ. ಹನ್ನೆರಡನೆಯ ವಯಸ್ಸಿಗೆ ಕ್ವಿರಿನ್ ಅದನ್ನು ಕಲಿತ. ಈಗ ಅವನಿಗೆ ಅರವತ್ತೇಳು. ಗುರುತಿಗೆಂದು ಒಂದು ಪೀಪಾಯಿಯ ಮೇಲೂ ಅವನು ಸೀಮೆಸುಣ್ಣದ ಗೆರೆ ಎಳೆದದ್ದಿಲ್ಲ.

ಆದರೆ ಈ ವರ್ಷ ಈಸ್ಟರ್ ಕಳೆದ ಮೇಲೆ ಪೀಪಾಯಿಗಳು ಒಂದೊಂದಾಗಿ ದೂರ ಸರಿಯತೊಡಗಿದ್ದವು. ಎಡಗಿವಿ ಹೋಗಿ ಬಹಳ ಕಾಲವಾಗಿತ್ತು. ಬಲಗಿವಿಯೂ ಹಾಗೇ ಹೊರಟಿತ್ತು. ಅವನು ಯಾರಿಗೂ ಹೇಳಲಿಲ್ಲ.

"ನೀವು ಪೂಜೇಲಿ ಎಲ್ರೂ ಆಮೆನ್ ಅಂದು ಮುಗಿಸಿದ್ಮೇಲೆ ಆಮೆನ್ ಅಂತೀರಲ್ರೀ," ಎಂದಿದ್ದಳು ಬುರ್ಗಿ.

"ದೇವರಿಗೇನೂ ಅವಸರ ಇಲ್ಲ ಕಣೇ," ಎಂದು ಅವನು ಮಾತು ಹಾರಿಸಿದ್ದ.

ಹೇಳದಿರುವುದಕ್ಕೆ ಕಾರಣವಿತ್ತು. ಭಟ್ಟಿಯಿಂದ ಈಗ ಹೊರಗೆ ಹೋಗುವುದೆಲ್ಲ ಉಕ್ಕಿನ ಪೀಪಾಯಿ. ಶರತ್ಕಾಲದ ಊರ ಹಬ್ಬಕ್ಕೆ ಮಾತ್ರ ನೆಲಮಾಳಿಗೆಯ ಇನ್ನೂರು ಲೀಟರಿನ ಓಕ್ ಪೀಪಾಯಿ ಹೊರಗೆ ಬರುತ್ತಿತ್ತು. ಮ್ಯೂನಿಕ್ಕಿನಲ್ಲಿ ದೊಡ್ಡ ಅಕ್ಟೋಬರ್ ಹಬ್ಬ ಮುಗಿಯುವ ಭಾನುವಾರವೇ ಎರ್ಲ್‌ಬ್ರುನ್‌ನಲ್ಲಿ ಸುಗ್ಗಿಯ ಪೂಜೆ. ಪೂಜೆ ಮುಗಿದ ಮೇಲೆ ಚೌಕದಲ್ಲಿ ಪೀಪಾಯಿಗೆ ನಲ್ಲಿ ಹೊಡೆಯುವುದು, ಎಂದರೆ ಹಿತ್ತಾಳೆಯ ನಲ್ಲಿಯನ್ನು ಮರದ ಕೊಡತಿಯಿಂದ ಬಿರಡೆಯೊಳಕ್ಕೆ ಹೊಡೆದು ಕೂರಿಸಿ ಮೊದಲ ಬಿಯರ್ ಇಳಿಸುವುದು. ಆಗಸ್ಟಿನಲ್ಲಿ ಭಟ್ಟಿಯ ಒಡತಿ ಆಫ್ರಾ ಅವನನ್ನು ಕರೆದು ಹೇಳಿದ್ದಳು.

"ಮೇಸ್ತ್ರಿ, ಹೋದ ವರ್ಷ ಆಚೆ ದಡದ ಊರಲ್ಲಿ ನೊರೆ ಚಿಮ್ಮಿ ನಲ್ಲಿನೇ ಹಾರಿಹೋಯ್ತು. ಹೊಡೀತಿದ್ದವನ ಮುಂದಿನ ಹಲ್ಲು ಎರಡು ಹೋದ್ವು. ನಮ್ಮೂರಲ್ಲಿ ಈ ಸಲ ಹೊಡಿಯೋಳು ಮೇಯರ್ ರೋಸಿನಾ. ನಿಮ್ಮ ಕಿವಿ ಮೇಲೆ ಭಾರ ಹಾಕಿ ಈ ವರ್ಷಾನೂ ಮರದ್ದೇ ಇಡ್ತೀನಿ. ಒಂದೇ ಒಂದು ಎಡವಟ್ಟಾದ್ರೂ ಮುಂದಿನ ವರ್ಷ ಉಕ್ಕಿನದ್ದೇ."

"ಆಗ್ಲಿ ಅಮ್ಮಾವ್ರೇ," ಎಂದಿದ್ದ ಕ್ವಿರಿನ್. ಅವಳ ತುಟಿಗಳನ್ನು ನೋಡುತ್ತ ನಿಂತಿದ್ದರಿಂದ ಒಂದು ಪದವೂ ತಪ್ಪಿರಲಿಲ್ಲ.

ಹಬ್ಬದ ಪೀಪಾಯಿಯದೊಂದು ಗುಟ್ಟಿತ್ತು. ಊರಲ್ಲಿ ಐದಾರು ಜನಕ್ಕೆ ಮಾತ್ರ ಗೊತ್ತಿದ್ದದ್ದು. ಹೂವು, ಗೋಧಿಯ ತೆನೆ ಸುತ್ತಿ ಕುದುರೆ ಗಾಡಿಯಲ್ಲಿ ಮೆರವಣಿಗೆ ಹೋಗುವ ಪೀಪಾಯಿಯಲ್ಲಿ ಇರುವುದು ಬರೀ ನೀರು. ಖಾಲಿ ಹೋದರೆ ಕುದುರೆಗಳ ನಡಿಗೆಯಲ್ಲೇ ಜನ ಕಂಡುಹಿಡಿಯುತ್ತಾರೆಂದು ನೀರು. ಅದರ ಅವಳಿ, ಬಿಯರ್ ತುಂಬಿದ್ದು, ಶನಿವಾರ ಬೆಳಿಗ್ಗೆಯೇ ಚೌಕದ ವೇದಿಕೆಯ ಕೆಳಗೆ ಒದ್ದೆ ಗೋಣಿ ಹೊದ್ದು ಅಲುಗಾಡದೆ ಮಲಗಿರುತ್ತದೆ. ಮೆರವಣಿಗೆಯ ಗಾಡಿ ಬಂದು ವೇದಿಕೆಯ ಪರದೆಯ ಹಿಂದೆ ನಿಂತಾಗ ನೀರಿನದು ಒಳಗೆ, ಬಿಯರಿನದು ಹೊರಗೆ. ಬಿಸಿಲಲ್ಲಿ ಕುಲುಕಿಸಿಕೊಂಡು ಬಂದ ಬಿಯರಿಗೆ ನಲ್ಲಿ ಹೊಡೆಯುವುದೆಂದರೆ ಬಂದೂಕಿನ ಬಾಯಿಗೆ ಮುಖ ಕೊಟ್ಟ ಹಾಗೆ ಎಂದು ಕ್ವಿರಿನ್‌ನ ಅಪ್ಪ ಮಾಡಿದ್ದ ಏರ್ಪಾಡು ಅದು. ಶನಿವಾರ ಬೆಳಿಗ್ಗೆ ಅವಳಿಗಳನ್ನು ತಟ್ಟಿ, ಇದು ವೇದಿಕೆಗೆ, ಅದು ಗಾಡಿಗೆ ಎಂದು ತೋರಿಸುವವನು ಕ್ವಿರಿನ್. ಈ ಸಲವೂ ತೋರಿಸಿದ್ದ.

ಭಾನುವಾರ ಹನ್ನೊಂದೂಕಾಲಿಗೆ ಪೂಜೆ ಮುಗಿಯಿತು. ಮೆರವಣಿಗೆ ಊರ ಆಚೆ ತುದಿಯಲ್ಲಿತ್ತು. ಕ್ವಿರಿನ್ ವೇದಿಕೆಯ ಕೆಳಗೆ ಬಗ್ಗಿ ಹೋಗಿ ಗೋಣಿ ಸರಿಸಿದ. ಬಿರಡೆಯ ಸುತ್ತ ಬೆರಳಾಡಿಸಿ ಮೂಗಿಗೆ ಹಿಡಿದ. ಬಿಯರ್ ತುಂಬಿದ ಪೀಪಾಯಿಯ ಬಿರಡೆಗೆ ಎಷ್ಟು ಒರೆಸಿದರೂ ಹುದುಗಿನ ವಾಸನೆ ಇದ್ದೇ ಇರುತ್ತದೆ. ಬೆರಳಿಗೆ ಒದ್ದೆ ಗೋಣಿಯ ವಾಸನೆ ಬಿಟ್ಟು ಬೇರೇನೂ ಹತ್ತಲಿಲ್ಲ. ನಾಲಿಗೆಗೆ ಮುಟ್ಟಿಸಿದ. ನೀರು.

ಹಾಗಾದರೆ ಗಾಡಿಯಲ್ಲಿ ಊರು ಸುತ್ತುತ್ತಿರುವುದು ಬಿಯರು. ಹನ್ನೆರಡಕ್ಕೆ ಗಂಟೆ ಬಾರಿಸಿದ ಕೂಡಲೇ ಪಾದ್ರಿಗಳ ಆಶೀರ್ವಾದ, ಆಮೇಲೆ ಮೇಯರ್ ರೋಸಿನಾಳ ಕೊಡತಿ. ಭಟ್ಟಿಯಿಂದ ಉಕ್ಕಿನದೊಂದನ್ನು ತರಿಸಿದರೆ ಯಾರಿಗೂ ಅಪಾಯವಿಲ್ಲ. ಆದರೆ ಆ ಉಕ್ಕಿನದು ಒಮ್ಮೆ ಈ ವೇದಿಕೆಯ ಮೆಟ್ಟಿಲು ಹತ್ತಿತೆಂದರೆ ಮರದ್ದು ಮತ್ತೆ ಹತ್ತುವುದಿಲ್ಲ.

ಗಾಡಿ ಪರದೆಯ ಹಿಂದೆ ಬಂದು ನಿಂತಿತು. ಗಾಡಿಯವನು ಬಾರ್ಟಲ್, ಐವತ್ತರ ಆಳು. ಟೋಪಿಗೆ ತನ್ನ ಕುದುರೆಗಳಿಗಿಂತ ಹೆಚ್ಚು ಹೂ ಸಿಕ್ಕಿಸಿಕೊಂಡಿದ್ದ.

"ಏನ್ ಮೇಸ್ತ್ರಿ, ಹೆಣ ಕಂಡವರ ಹಾಗಿದೀರಿ? ಬುರ್ಗಿಯಕ್ಕ ಇವತ್ತು ಬಿಯರ್ ಮುಟ್ಬೇಡಿ ಅಂದ್ರಾ?"

"ಗಾಡೀಲಿರೋದು ನೀರಲ್ಲ ಬಾರ್ಟಲ್."

ಬಾರ್ಟಲ್ ನಗುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. "ಗಿರಣಿ ಬೀದೀಲಿ ಬಂದ್ವಲ್ಲ ಮೇಸ್ತ್ರಿ. ಸೇತುವೆ ರಿಪೇರಿ ಅಂತ. ಪೂರ್ತಿ ಕಲ್ಲುಹಾಸು. ಅದು ಕುಣ್ಕೊಂಡೇ ಬಂತು."

"ಉರುಳಿಸ್ಬೇಡಿ. ನಾಲ್ಕು ಜನ ಎತ್ತಿ. ಕೂಸನ್ನ ಎತ್ತಿದ ಹಾಗೆ."

ಪೀಪಾಯಿಯನ್ನು ವೇದಿಕೆಯ ಹಿಂಬದಿ ನೆರಳಿಗೆ ಇಳಿಸಿದರು. ಎತ್ತಿದವರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಕಳಿಸಿದ್ದಾಯಿತು. ಬಾರ್ಟಲ್ ಓಡಿ, ಮೀನು ಸುಡುವ ಅಂಗಡಿಯಿಂದ ಮಂಜುಗಡ್ಡೆಯ ಎರಡು ಪೆಟ್ಟಿಗೆ ಹೇಳದೆ ಕೇಳದೆ ಹೊತ್ತು ತಂದ. ಗೋಣಿ, ಮಂಜುಗಡ್ಡೆ, ಮೇಲೆ ಮತ್ತೆ ಗೋಣಿ. ಅಷ್ಟರಲ್ಲಿ ಕ್ವಿರಿನ್, ಊರ ಪಾದ್ರಿಗಳಾದ ಆನ್ಸೆಲ್ಮರನ್ನು ಹುಡುಕಿಕೊಂಡು ಹೋಗಿದ್ದ. ಅವರು ಚುಟುಕು ಪ್ರಸಂಗಕ್ಕೆ ಹೆಸರಾದವರು. ಬಾತುಕೋಳಿ ಹುರಿಯುವ ಒಲೆಯ ಕಡೆಗೇ ಮುಖಮಾಡಿ ನಿಂತಿದ್ದರು.

"ಸ್ವಾಮಿ, ಆಶೀರ್ವಾದಕ್ಕೆ ಮೊದ್ಲು ಸಕಲ ಸಂತರ ಪ್ರಾರ್ಥನಾ ಮಾಲೆ ಹೇಳ್ಬೇಕು, ಒಬ್ಬೊಬ್ಬರ ಹೆಸರೂ ಕರೆದು. ಪೂರ್ತಿ."

"ಪೂರ್ತೀನಾ? ಹಸಿದ ಜನ ಕಣಯ್ಯ. ನನ್ನನ್ನೇ ಪೀಪಾಯಿಗೆ ತುಂಬಿ ಉರುಳಿಸ್ತಾರೆ. ಯಾರಿಗೋಸ್ಕರ ಇಷ್ಟು ಭಕ್ತಿ?"

"ತಣೀಬೇಕಾದ ಒಂದು ಪೀಪಾಯಿಗೆ. ಮತ್ತೆ ರೋಸಿನಾ ಹಲ್ಲಿಗೆ."

ಪಾದ್ರಿಗಳು ಜೇಬಿನಿಂದ ಕನ್ನಡಕ ತೆಗೆದು ಪ್ರಾರ್ಥನೆಯ ಪುಸ್ತಕ ಬಿಡಿಸಿದರು.

ಹನ್ನೆರಡರ ಗಂಟೆ ಬಾರಿಸಿತು. ಕ್ವಿರಿನ್ ಪೀಪಾಯಿಯ ಮೇಲ್ಬದಿಯ ಬಿರಡೆಗೆ ಕೂದಲೆಳೆಯಷ್ಟು ಸಣ್ಣ ತೂತು ಕೊರೆದ. ನೊರೆ ಉಗುಳಿತು. ಮೆತ್ತನೆಯ ಮರದ ಕಡ್ಡಿಯಿಂದ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ಒಳಗಿನ ಗಾಳಿಯನ್ನು ಒಂದೇ ಸಲಕ್ಕೆ ಬಿಟ್ಟರೆ ಬಿಯರು ಸಪ್ಪೆಯಾಗುತ್ತದೆ, ಬಿಡದಿದ್ದರೆ ನಲ್ಲಿ ಹಾರುತ್ತದೆ. ಇದನ್ನು ಕಣ್ಣಿಂದ ಅಳೆಯಲಾಗುವುದಿಲ್ಲ. ನೊರೆ ನಿಂತ ಮೇಲೆ ಉಳಿಯುವುದು ಸದ್ದೊಂದೇ. ಅವನು ಬಲಗಿವಿಯನ್ನು ತೂತಿನ ಮೇಲೆ ಇಟ್ಟ. ಕಿವಿಗೆ ತಣ್ಣನೆಯ ಗಾಳಿ ತಾಗಿತು. ಅಷ್ಟೇ.

ಹೊರಗೆ ಮಾಲೆ ಶುರುವಾಗಿತ್ತು. ಪಾದ್ರಿಗಳ ದನಿ ಅವನಿಗೆ ಮುಟ್ಟಲಿಲ್ಲ. ಆದರೆ ಒಬ್ಬೊಬ್ಬ ಸಂತನ ಹೆಸರಾದ ಮೇಲೂ ನೂರಾರು ಜನ "ನಮಗಾಗಿ ಪ್ರಾರ್ಥಿಸಿರಿ" ಎನ್ನುವಾಗ ವೇದಿಕೆಯ ಹಲಗೆಗಳು ಸಣ್ಣಗೆ ನಡುಗುವುದು ಅಂಗೈಗೆ ತಿಳಿಯುತ್ತಿತ್ತು. ಅವನೂ ತುಟಿಯಲ್ಲೇ ಹೇಳಿಕೊಂಡ. ಆಮೇಲೆ ಬಾರ್ಟಲ್‌ನ ತೋಳು ಹಿಡಿದು ಎಳೆದ.

"ಇಲ್ಲಿ ಕಿವಿ ಇಡು. ಬುಸುಗುಡ್ತಿದೆಯಾ, ಇಲ್ಲಾ ಹಸು ನಿಟ್ಟುಸಿರು ಬಿಟ್ಟ ಹಾಗಿದೆಯಾ?"

"ನಿಮಗೇ ಗೊತ್ತಾಗಲ್ವಾ?"

"ಕೇಳಿಸ್ತಿಲ್ಲ."

"ಇವತ್ತಾ?"

"ಈಸ್ಟರಿಂದ."

ಬಾರ್ಟಲ್ ಹೂವಿನ ಟೋಪಿ ತೆಗೆದಿಟ್ಟು ಪೀಪಾಯಿಗೆ ಕಿವಿ ಒತ್ತಿದ. ಕ್ವಿರಿನ್ ಅವನ ಮುಖವನ್ನೇ ನೋಡುತ್ತ ಕಡ್ಡಿ ತಿರುಗಿಸಿದ.

"ಬುಸುಗುಡ್ತಿದೆ. ಜೋರಾಗೇ ಇದೆ."

ಮುಚ್ಚಿದ. ಕಾದ. ತೆಗೆದ.

"ಇನ್ನೂ ಇದೆ. ಮೇಸ್ತ್ರಿ, ಹೊರಗೆ ಜನ ಗೊಣಗ್ತಿದಾರೆ. ಇಷ್ಟೊಂದು ಸಂತರು ಯಾವಾಗ ಹುಟ್ಟಿದ್ರು ಅಂತ ಯಾವನೋ ಕೇಳ್ತಿದಾನೆ."

"ಕೇಳ್ಲಿ. ಮಾಲೆ ಮುಗಿಯೋದ್ರೊಳಗೆ ಇದು ಸುಮ್ನಾಗ್ದಿದ್ರೆ ನಾನೇ ಮೇಲೆ ಹೋಗಿ ಕೊಡತಿ ಕಿತ್ಕೋತೀನಿ."

ಮುಚ್ಚಿದ. ತೆಗೆದ. ಬಾರ್ಟಲ್‌ನ ಹುಬ್ಬು ಗಂಟಿಕ್ಕಿತು. "ಈಗ ಕಮ್ಮಿ. ಆದ್ರೆ ಪಾದ್ರಿಗಳು ಫ್ಲೋರಿಯಾನನ್ನ ಎರಡನೇ ಸಲ ಕರೀತಿದಾರೆ. ಪಟ್ಟಿ ಖಾಲಿಯಾಗಿದೆ ಅಂತ ಕಾಣುತ್ತೆ."

ಕ್ವಿರಿನ್‌ನ ಮಂಜುಗಡ್ಡೆ ಹಿಡಿದ ಬೆರಳುಗಳು ಕೊರಡಾಗಿದ್ದವು. ಕೊನೆಯ ಸಲ ತೆಗೆದ.

ಬಾರ್ಟಲ್ ಕಣ್ಣು ಮುಚ್ಚಿ ಆಲಿಸಿದ.

"ಹಸು," ಎಂದ ಬಾರ್ಟಲ್. "ಹಸು ಮೇಸ್ತ್ರಿ. ಹೊಟ್ಟೆ ತುಂಬಿದ ಹಸು."

ಪರದೆ ಸರಿಯಿತು. ಪೀಪಾಯಿಯನ್ನು ಎತ್ತಿ ವೇದಿಕೆಯ ಮರದ ಪೀಠದ ಮೇಲಿಟ್ಟರು. ರೋಸಿನಾ ಕೊಡತಿ ಹಿಡಿದು ಬಂದಳು. ಎರಡು ವಾರ ಅವಳಿಗೆ ಖಾಲಿ ಪೀಪಾಯಿಯ ಮೇಲೆ ಅಭ್ಯಾಸ ಮಾಡಿಸಿದವನು ಕ್ವಿರಿನ್ನೇ. ಹೊಡೆಯುವವರೇ ಎಡಗೈಯಲ್ಲಿ ನಲ್ಲಿ ಹಿಡಿದು ಬಲಗೈಯಲ್ಲಿ ಹೊಡೆಯುವುದು ಕ್ರಮ. ಕ್ವಿರಿನ್ ಅವಳ ಕೈಯಿಂದ ನಲ್ಲಿ ತೆಗೆದುಕೊಂಡ.

"ನಾನು ಹಿಡೀತೀನಮ್ಮ. ನೀನು ಎರಡೂ ಕೈಯಲ್ಲಿ ಹೊಡಿ. ಪಕ್ಕಕ್ಕೆ ನಿಂತ್ಕೊ, ಇನ್ನೂ ಪಕ್ಕಕ್ಕೆ."

"ಜನ ನನಗೆ ಕೈಲಾಗಲ್ಲ ಅಂತಾರೆ ಮೇಸ್ತ್ರಿ."

"ಅನ್ಲಿ. ಹೊಡಿ."

ಅವನು ನಲ್ಲಿಯನ್ನು ಪೀಪಾಯಿಯ ಮುಂಬದಿಯ ಬಿರಡೆಗೆ ಒತ್ತಿ, ತನ್ನ ಮುಖವನ್ನೇ ಅದರ ಮುಂದೆ ತಂದ. ಕೆಳಗೆ ಭಟ್ಟಿಯ ಒಡತಿ ಆಫ್ರಾ ಮೊದಲ ಬೆಂಚಿನಲ್ಲಿ ಕೈಕಟ್ಟಿ ಕುಳಿತದ್ದು ಕಂಡಿತು. ಬುರ್ಗಿ ಜಪಮಾಲೆ ಹಿಡಿದದ್ದೂ ಕಂಡಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಗಂಡನ ಕುತ್ತಿಗೆಯ ನರ ಉಬ್ಬಿದ್ದು ನೋಡಿಯೇ ಜಪಮಾಲೆ ತೆಗೆದಿದ್ದಳು.

ಒಂದು ಏಟು. ನಲ್ಲಿಯ ಬದಿಯಿಂದ ನೊರೆ ಚಿಮ್ಮಿ ಅವನ ತೋಳು, ಗಲ್ಲ ನೆನೆಯಿತು. ಹಿತ್ತಾಳೆ ಅಂಗೈಯಲ್ಲಿ ನಡುಗಿತು. ಅವನು ಇಡೀ ಮೈಭಾರ ಹಾಕಿ ಒತ್ತಿದ. ಎರಡು. ನಡುಕ ಕಮ್ಮಿಯಾಯಿತು, ಆದರೆ ಕೂರಲಿಲ್ಲ. ಮೂರು. ನಲ್ಲಿ ಮರಕ್ಕೆ ಕಚ್ಚಿಕೊಂಡದ್ದು ಅವನ ಮೂಳೆಗೆ ತಿಳಿಯಿತು. ತಿರುಪಿದಾಗ ಬಿಯರು ಹೊನ್ನಿನ ಬಣ್ಣದಲ್ಲಿ, ಮಾತಿಲ್ಲದೆ, ನೆಟ್ಟಗೆ ಇಳಿಯಿತು. ಜನರೆಲ್ಲ ಬಾಯಿ ತೆರೆದದ್ದು ಕಂಡಿತು. ವಾದ್ಯದವರ ಕೆನ್ನೆ ಉಬ್ಬಿದ್ದು ಕಂಡಿತು. ರೋಸಿನಾ ಅವನ ಒದ್ದೆ ಗಲ್ಲಕ್ಕೆ ಮುತ್ತಿಟ್ಟು ಮೊದಲ ಬಿಯರಿನ ಮಗ್ಗನ್ನು ಕೈಗಿತ್ತಳು.

ಅವನು ಮೆಟ್ಟಿಲಿಳಿದಾಗ ಆಫ್ರಾ ಎದುರಿಗೆ ನಿಂತಿದ್ದಳು.

"ಮೂರೇಟು ಬೇಕಾಯ್ತು ಮೇಸ್ತ್ರಿ. ಮೀನಿನವನು ಅವನ ಮಂಜುಗಡ್ಡೆ ಎಲ್ಲೋಯ್ತು ಅಂತ ಕೂಗಾಡ್ತಿದಾನೆ. ಹಿಂದುಗಡೆ ಏನೋ ನಡೆದಿದೆ. ಅದನ್ನ ಕುಡಿದು ಮುಗಿಸಿ ನನ್ನ ಮೇಜಿಗೆ ಬನ್ನಿ. ಯಾರದ್ದು ತಪ್ಪು ಅಂತ ತಿಳೀಬೇಕು."

ಅವಳು ಹೋದಳು. ಪರದೆಯ ಹಿಂದಿನಿಂದ ಬಾರ್ಟಲ್ ಬಂದು, ಮಾತು ಕಾಣಲೆಂದು ಅವನ ಎದುರಿಗೇ ನಿಂತುಕೊಂಡ.

"ಮೇಸ್ತ್ರಿ, ಕೇಳಿ. ಅದಲುಬದಲು ಮಾಡಿದ್ದು ನಾನು ಅಂತ ಹೇಳ್ಬಿಡ್ತೀನಿ. ಶನಿವಾರ ನೀವು ಸರಿಯಾಗೇ ತೋರಿಸಿದ್ರಿ, ನಾನು ಕುಡಿದಿದ್ದೆ, ತಪ್ಪಾಗಿ ಏರಿಸ್ದೆ. ಅಮ್ಮಾವ್ರು ನಂಬ್ತಾರೆ. ನಾನು ಕುಡಿದಿದ್ದೆ ಅಂದ್ರೆ ನನ್ನ ಕುದುರೆಗಳೂ ನಂಬ್ತವೆ. ನನ್ನನ್ನ ಬೈದು ಬಿಡ್ತಾರೆ, ಅಷ್ಟೇ. ಇನ್ಮೇಲೆ ತಟ್ಟೋವಾಗ ನಾನು ಪಕ್ಕದಲ್ಲಿರ್ತೀನಿ. ಮರದ್ದು ಉಳಿಯುತ್ತೆ."

ಕ್ವಿರಿನ್ ಮಗ್ಗಿನ ನೊರೆ ಇಳಿಯುವುದನ್ನು ನೋಡುತ್ತ ನಿಂತ. ಹೂಂ ಎಂದರೆ ಸಾಕಿತ್ತು. ನಾಳೆ ಬೆಳಿಗ್ಗೆ ಆ ಸುಳ್ಳನ್ನು ಹೊತ್ತು ನೆಲಮಾಳಿಗೆಯ ಮೆಟ್ಟಿಲಿಳಿದು ತೀರ್ಥಕ್ಕೆ ಬೆರಳದ್ದುವುದು ಕಣ್ಣಿಗೆ ಕಟ್ಟಿತು. ಅವನು ಒಂದು ಗುಟುಕೂ ಕುಡಿಯದ ಮಗ್ಗನ್ನು ಬಾರ್ಟಲ್‌ನ ಕೈಗಿಟ್ಟ.

"ಬೇಡ ಬಾರ್ಟಲ್. ತಪ್ಪಾಗಿ ತೋರಿಸಿದ್ದು ನಾನು. ನೀನು ಕೇಳಿಸ್ಕೊಂಡು ಹೇಳ್ದೆಯಲ್ಲ, ಅದು ಸಾಕು," ಎಂದು ಹೇಳಿ, ಒದ್ದೆ ತೋಳನ್ನು ಮೇಲೆ ಮಡಚಿಕೊಳ್ಳುತ್ತ ಆಫ್ರಾಳ ಮೇಜಿನ ಕಡೆಗೆ ನಡೆದ.