ಬೆಲ್ ಆಯ್ತು

ಕಳೆದ ವರ್ಷ ಒಂದು ಸಂಜೆ ಅಣ್ಣ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿರುವ ನನ್ನ ಆಫೀಸಿನ ಪಾರ್ಕಿಂಗ್‌ನಿಂದ ಫೋನ್ ಮಾಡಿದ. "ನಾನು ಇಲ್ಲಿಗ್ಯಾಕೆ ಬಂದೆ?" ಎಂದ.

ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ.

ತಮಾಷೆ ಎಂದುಕೊಂಡೆ. ಅಣ್ಣ ಪ್ರಣವ್ ಡಲ್ಲಾಸ್ ಹತ್ತಿರದ ಒಂದು ಹೈಸ್ಕೂಲಿನ ಫುಟ್‌ಬಾಲ್ ಕೋಚ್. ಹೆಲ್ಮೆಟ್ ಹಾಕಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ, ಇಲ್ಲಿನ ಅಮೆರಿಕನ್ ಫುಟ್‌ಬಾಲ್. ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನಲ್ಲಿ ಶಾಲೆಗಾಗಿ ಆಡಿದ, ಆಸ್ಟಿನ್‌ನಲ್ಲಿ ಕಾಲೇಜಿಗಾಗಿ ಆಡಿದ, ಮೊಣಕಾಲು ಹೋದ ಮೇಲೆ ಕೋಚ್ ಆದ. ಅಂಥವನು ತಾನೇ ಹೆಣೆದ ತಂತ್ರದ ಹೆಸರು ಮರೆತು ಮೈದಾನದ ಅಂಚಿನಲ್ಲಿ ಸುಮ್ಮನೆ ನಿಂತ. ಮನೆಯಲ್ಲಿ ತಟ್ಟೆ ಎಸೆದ. ಆಮೇಲೆ ಚೂರುಗಳನ್ನು ಆರಿಸುತ್ತ, ಎಸೆದದ್ದು ಯಾರು ಎಂದು ಕೇಳಿದ.

ನ್ಯೂರಾಲಜಿಸ್ಟ್ ಬಳಿಗೆ ಅಮ್ಮನೂ ಬಂದಳು.

"ಕನ್‌ಕಶನ್ ಎಷ್ಟು ಸಲ ಆಗಿದೆ?" ಡಾಕ್ಟರ್ ಕೇಳಿದರು.

"ಒಂದೇ ಸಲ. ಆಸ್ಟಿನ್‌ನಲ್ಲಿ," ಎಂದ ಅಣ್ಣ. ಅವನಿಗೆ ಕೆಲಸ ಉಳಿಯಬೇಕಿತ್ತು.

"ಏನಂತೆ?" ಎಂದಳು ಅಮ್ಮ. ತಲೆಗೆ ಏಟು ಬಿದ್ದು ಮಂಕಾದದ್ದು ಎಷ್ಟು ಸಲ ಅಂತ, ಎಂದೆ.

"ಏಟೇನೂ ಬಿದ್ದಿಲ್ಲಪ್ಪ. ಮ್ಯಾಚಿಂದ ಬಂದೋನು 'ಇವತ್ತೂ ಬೆಲ್ ಆಯ್ತಮ್ಮ' ಅಂತಿದ್ದ. ಲೈಟ್ ಹಾಕಬೇಡ ಅಂತ ಮಲಗಿಬಿಡ್ತಿದ್ದ. ಕೆಲವು ಸಲ ವಾಂತಿ. ಆ ಬಿಸಿಲಲ್ಲಿ ಆಡಿದ್ರೆ ಇನ್ನೇನಾಗತ್ತೆ? ಮೊಸರನ್ನ ಕೊಡ್ತಿದ್ದೆ."

ಶಾಲೆ ಬಿಟ್ಟಾಗ ಹೊಡೆಯುವಂತೆ ಆಟ ಮುಗಿದಾಗಲೂ ಬೆಲ್ ಹೊಡೆಯುತ್ತಾರೆ ಎಂದುಕೊಂಡಿದ್ದಳು. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. 'ಬೆಲ್' ಎಂಬ ಪದಕ್ಕೆ ಮಾತ್ರ ಅನುವಾದ ಬೇಕಾಗಲಿಲ್ಲ. ಡಾಕ್ಟರ್ ಟೈಪ್ ಮಾಡುವುದನ್ನು ನಿಲ್ಲಿಸಿದರು. ತಲೆಗೆ ಏಟು ಬಿದ್ದು ಕಿವಿ ಗುಯ್‌ಗುಟ್ಟಿ ಎಲ್ಲ ಮಬ್ಬಾಗುವುದನ್ನು ಆಟಗಾರರು ಬೆಲ್ ಎಂದೇ ಕರೆಯುತ್ತಾರಂತೆ. ನಗುತ್ತಾರಂತೆ. ನಕ್ಕು ಮತ್ತೆ ಆಡಲು ಇಳಿಯುತ್ತಾರಂತೆ.

"ಎಷ್ಟು ಸಲ, ಕೋಚ್?"

"ಲೆಕ್ಕ ಇಟ್ಟಿಲ್ಲ," ಎಂದ ಅಣ್ಣ, ನೆಲ ನೋಡುತ್ತ.

ಪದೇ ಪದೇ ಬಿದ್ದ ಏಟುಗಳಿಂದ ಮಿದುಳಿಗೆ ಹಾನಿಯಾಗಿರಬಹುದು, ಅನುಮಾನಿಸುತ್ತಿರುವ ಕಾಯಿಲೆಯನ್ನು ಖಚಿತಪಡಿಸಲು ಮಿದುಳನ್ನೇ ತೆಗೆದು ಪರೀಕ್ಷಿಸಬೇಕು ಎಂದರು ಡಾಕ್ಟರ್.

ಸತ್ತ ಮೇಲೆ ಗೊತ್ತಾಗುವ ಕಾಯಿಲೆ.

ಶಾಲೆಯವರು ಒಂದು ಜೆರ್ಸಿಗೆ ಫ್ರೇಮ್ ಹಾಕಿಸಿ ಕೊಟ್ಟು ಅವನನ್ನು ಬೀಳ್ಕೊಟ್ಟರು. ಯುಗಾದಿ ಪಾರ್ಟಿಗಳಲ್ಲಿ "ನಮ್ಮ ಕನ್ನಡದ ಕೋಚು" ಎಂದು ಅವನ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದ ಅಂಕಲ್ ಒಬ್ಬರು, "ಸ್ಟ್ರೆಸ್ ಅಷ್ಟೇ ಕಣಮ್ಮ, ಪ್ರಾಣಾಯಾಮ ಮಾಡ್ಸಿ" ಎಂದರು. ಥ್ಯಾಂಕ್ಸ್ ಅಂಕಲ್, ಎಂದೆ.

ಅಮ್ಮ ಸೈಪ್ರೆಸ್ ಮನೆ ಬಿಟ್ಟು ಲಿಟಲ್ ಎಲ್ಮ್‌ಗೆ, ನಮ್ಮಿಬ್ಬರ ಮನೆಗೆ, ಶಿಫ್ಟ್ ಆದಳು. "ಬೆಲ್ ಆದ್ಮೇಲೆ ಮನೆಗೆ ಬರಬೇಕು ತಾನೆ? ಮತ್ತೆ ಯಾಕೋ ಆಡೋಕ್ಕಿಳಿದೆ?" ಎಂದು ಒಮ್ಮೆ ಕೇಳಿದಳು. ಅವನು ಎದ್ದು ಗೋಡೆಯ ಮೇಲಿನ ಜೆರ್ಸಿಯ ಫ್ರೇಮನ್ನು ನೇರ ಮಾಡಿದ. ಅವಳು ಮತ್ತೆ ಕೇಳಲಿಲ್ಲ.

ಕಳೆದ ವಾರ ಅಣ್ಣ ಹಠ ಹಿಡಿದು ತನ್ನ ಹಳೆಯ ತಂಡದ ಪಂದ್ಯಕ್ಕೆ ನಮ್ಮನ್ನು ಕರೆದುಕೊಂಡು ಹೋದ. ಗ್ಯಾಲರಿಯಲ್ಲಿ ನಮ್ಮಿಬ್ಬರ ನಡುವೆ ಕೂತ. ಹೊಸ ಕೋಚ್ ಕೂಗಿದಾಗಲೆಲ್ಲ ಇವನ ತುಟಿಗಳೂ ಅಲುಗುತ್ತಿದ್ದವು. ಇದ್ದಕ್ಕಿದ್ದಂತೆ ಎದ್ದು ಮೈದಾನಕ್ಕಿಳಿಯಲು ಹೊರಟ. ಅಮ್ಮ ಅವನ ಮಣಿಕಟ್ಟು ಹಿಡಿದಳು.

"ಎಲ್ಲಿಗೋ?"

"ಹುಡುಗರು ಕಾಯ್ತಿದ್ದಾರಮ್ಮ."

"ಬೆಲ್ ಆಯ್ತು ಕಣೋ. ಬಾ, ಮೊಸರನ್ನ ಕಲಸಿಟ್ಟಿದೀನಿ."

ಇನ್ನೂ ಅರ್ಧ ಆಟ ಬಾಕಿಯಿತ್ತು. ಅಣ್ಣ ಸ್ಕೋರ್‌ಬೋರ್ಡ್ ನೋಡಿದ, ಅಮ್ಮನನ್ನು ನೋಡಿದ. ಆಮೇಲೆ ನಮ್ಮ ಜೊತೆ ಬಂದ.

ಈ ಸಲವಾದರೂ ಬಂದ.