ಕದ್ದು ಕುಡಿಯದ ನೀರು

ಬಸ್ ನಿಲ್ದಾಣದ ಮೂಲೆಯಲ್ಲಿರುವ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ, ಯಾವುದು ದಾರಿಯಲ್ಲಿ ಕೆಟ್ಟು ಕೂತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಡ್ರೈವರು ಕಂಡಕ್ಟರುಗಳು ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಅವಳದು ಸ್ವಲ್ಪ ದಪ್ಪನೆಯ, ನಿಧಾನದ ದನಿ. ಎಂಥ ಗದ್ದಲದಲ್ಲೂ ಏರುತ್ತಿರಲಿಲ್ಲ. ಅವಳು ಹೇಳಿದರೆ ಕೆಟ್ಟ ಬಸ್ಸೂ ಮರ್ಯಾದೆಯಿಂದ ಕೆಟ್ಟಂತೆ ಕೇಳುತ್ತದೆ ಎಂದು ಕಂಡಕ್ಟರೊಬ್ಬ ತಮಾಷೆ ಮಾಡುತ್ತಿದ್ದ.

ಮದುವೆಯಾಗಿ ಮೂರನೆಯ ವರ್ಷ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ಅದಕ್ಕೂ ಮುಂಚೆ ತಲೆನೋವು ಬರುತ್ತಿತ್ತು, ಮೈಕಿನ ಸದ್ದಿಗೆ ಎಂದುಕೊಂಡಳು. ಪಾದ ಊದುತ್ತಿತ್ತು, ಕೂತೇ ಇರುತ್ತೇನಲ್ಲ ಎಂದುಕೊಂಡಳು. ಒಳಗೊಳಗೇ ಏರಿದ್ದ ರಕ್ತದೊತ್ತಡ ಕಿಡ್ನಿಗಳನ್ನು ತಿಂದುಹಾಕಿತ್ತು. ಆಮೇಲೆ ವಾರಕ್ಕೆ ಮೂರು ಬೆಳಗ್ಗೆ ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿ, ಮಧ್ಯಾಹ್ನ ಗಾಜಿನ ಕೋಣೆ. ಹೀಗೆ ಬದುಕು ಮತ್ತೆ ಒಂದು ಹದಕ್ಕೆ ಬಂತು.

ಈ ಕಾಯಿಲೆಯವರ ಕಷ್ಟ ಹೊರಗಿನವರಿಗೆ ಅರ್ಥವಾಗುವುದು ನಿಧಾನ. ನಾವು ನೀರು ಕುಡಿಯುತ್ತೇವೆ, ಬೇಡದ್ದನ್ನು ಕಿಡ್ನಿ ಹೊರಗೆ ಕಳಿಸುತ್ತದೆ, ನಮಗದು ಲೆಕ್ಕಕ್ಕೇ ಇಲ್ಲ. ಅವಳಿಗೆ ಮೂತ್ರವೇ ನಿಂತುಹೋಗಿತ್ತು. ಕುಡಿದ ನೀರೆಲ್ಲ ಒಳಗೇ ಉಳಿಯುತ್ತಿತ್ತು; ಮೊದಲು ಕಾಲಿನಲ್ಲಿ, ಆಮೇಲೆ ಮುಖದಲ್ಲಿ, ಮಿತಿಮೀರಿದರೆ ಶ್ವಾಸಕೋಶದಲ್ಲಿ. ಯಂತ್ರ ಅವಳ ರಕ್ತವನ್ನು ಹೊರಗೆ ತಂದು, ತೊಳೆದು, ಹೆಚ್ಚಾದ ನೀರನ್ನು ಹಿಂಡಿ ತೆಗೆದು ಒಳಕ್ಕೆ ಕಳಿಸುತ್ತಿತ್ತು. ಹೆಚ್ಚಿನ ನೀರು ಪೂರ್ತಿ ಹೋದ ಮೇಲೆ ಉಳಿಯಬೇಕಾದ ತೂಕಕ್ಕೆ ಆಸ್ಪತ್ರೆಯಲ್ಲಿ ‘ಒಣ ತೂಕ’ ಎನ್ನುತ್ತಾರೆ. ಆ ತೂಕಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರು ಎಂದು ತಿಳಿದು ತೆಗೆಯುತ್ತಾರೆ.

ನೀರಿನ ವಿಷಯದಲ್ಲಿ ಮೈಕಕ್ಕನಷ್ಟು ಕಟ್ಟುನಿಟ್ಟಿನವರು ಆ ವಾರ್ಡಿನಲ್ಲಿ ಇರಲಿಲ್ಲ. ದಿನಕ್ಕೆ ಒಂದು ಸಣ್ಣ ಬಾಟಲಿ, ಮುಗಿಯಿತು. ಗಂಟಲು ಒಣಗಿದರೆ ಒಂದು ತುಂಡು ಐಸು ಬಾಯಲ್ಲಿಟ್ಟು ಮೈಕು ಹಿಡಿಯುತ್ತಿದ್ದಳು. ವಾರ್ಡಿನ ಯಜಮಾನಿಯಂತಿದ್ದ ದೊಡ್ಡ ಸಿಸ್ಟರ್ ಉಳಿದ ರೋಗಿಗಳಿಗೆ, “ಅವರನ್ನ ನೋಡಿ ಕಲೀರಿ” ಎನ್ನುತ್ತಿದ್ದಳು.

ಇಂಥವಳ ತೂಕ ಏರತೊಡಗಿತು.

ಮೊದಲ ಸಲ ದೊಡ್ಡ ಸಿಸ್ಟರ್ ನಕ್ಕಳು. “ಏನಮ್ಮ, ಯಾರ ಮನೆ ಮದುವೆಗೆ ಹೋಗಿದ್ದೆ?”

“ಎಲ್ಲೂ ಇಲ್ಲ ಸಿಸ್ಟರ್. ಯಾವಾಗ್ಲೂ ಕುಡಿಯೋಷ್ಟೇ ಕುಡಿದಿರೋದು.”

ಅಂದು ಸ್ವಲ್ಪ ಜಾಸ್ತಿ ನೀರು ತೆಗೆದರು. ಮುಂದಿನ ವಾರವೂ ಅದೇ ಕಥೆ, ಅದರ ಮುಂದಿನ ವಾರವೂ ಅದೇ. ಹಳೆಯ ಒಣ ತೂಕಕ್ಕೆ ತಂದು ನಿಲ್ಲಿಸಬೇಕೆಂದು ಯಂತ್ರ ಎಳೆದಷ್ಟೂ ಅವಳ ಮೀನಖಂಡ ಸೆಟೆದುಕೊಂಡು ಕಲ್ಲಾಗುತ್ತಿತ್ತು. ಕಣ್ಣು ಕತ್ತಲಿಟ್ಟು, ಬಿ.ಪಿ. ಕುಸಿದು, ಎರಡು ಸಲ ಕುರ್ಚಿಯಲ್ಲೇ ಎಚ್ಚರ ತಪ್ಪಿತು. ಬೆಳಗ್ಗೆ ಎದ್ದರೆ ವಾಕರಿಕೆ. ಹೊಟ್ಟೆ ಉಬ್ಬರಿಸಿಕೊಂಡಿತ್ತು. ನೀರು ತುಂಬಿದರೆ ಇದೆಲ್ಲ ಆಗುವುದೇ ಎಂದು ಎಲ್ಲರೂ ಹೇಳಿದರು, ಅವಳೂ ನಂಬಿದಳು. ಆದರೆ ನೀರು ಬಂದದ್ದಾದರೂ ಎಲ್ಲಿಂದ?

ದೊಡ್ಡ ಸಿಸ್ಟರ್ ನಗುವುದನ್ನು ಬಿಟ್ಟಳು. “ನೋಡಮ್ಮ, ನನ್ನ ಹತ್ರ ಸುಳ್ಳು ಹೇಳಬಹುದು, ತಕ್ಕಡಿ ಹತ್ರ ಆಗಲ್ಲ. ಹೀಗೇ ಕದ್ದು ಕುಡೀತಾ ಹೋದ್ರೆ ಒಂದಿನ ಉಸಿರು ಸಿಕ್ಕಿಹಾಕ್ಕೊಂಡು ಬರ್ತೀಯ.”

ಪಕ್ಕದ ಕುರ್ಚಿಗಳಲ್ಲಿದ್ದವರು ಬೇರೆ ಕಡೆ ನೋಡಿದರು. 

ಸುದ್ದಿ ಮನೆಗೂ ಮುಟ್ಟಿತು. ಗಂಡ ಪೇಟೆ ಬೀದಿಯ ಒಂದು ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ. ಮಾತು ಕಮ್ಮಿ, ಸಿಟ್ಟು ಅದಕ್ಕಿಂತ ಕಮ್ಮಿ. ಅತ್ತೆ ಮಾತ್ರ ಬಾಯಿಬಡುಕಿ. ಆದರೆ ಕಾಯಿಲೆ ಬಂದಾಗಿನಿಂದ ಸೊಸೆಯ ಊಟಕ್ಕೆ ಉಪ್ಪು ಬೇರೆ ಅಳೆದು ಹಾಕುತ್ತಿದ್ದವಳು ಅವಳೇ. ಈಗ ಅತ್ತೆ ಲೋಟಗಳನ್ನು ಮುಟ್ಟಿ ಮುಟ್ಟಿ ನೋಡತೊಡಗಿದಳು, ಒದ್ದೆಯಾಗಿವೆಯೇ ಎಂದು. ಸೊಸೆ ಬಚ್ಚಲಿಗೆ ಹೋದರೆ ಹೊರಗೆ ನಿಂತು ಸದ್ದು ಕೇಳಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಕೆಲಸದಿಂದ ಬಂದ ಮೈಕಕ್ಕ ಐಸು ತೆಗೆದುಕೊಳ್ಳಲು ಫ್ರಿಜ್ಜಿನ ಕಡೆ ಹೋದಳು. ಬಾಗಿಲಿಗೆ ಹೊಸದಾಗಿ ಚಿಲಕ ಕೂರಿಸಿ, ಪುಟ್ಟ ಹಿತ್ತಾಳೆ ಬೀಗ ಜಡಿದಿತ್ತು. ಅವಳು ಅದನ್ನು ನೋಡುತ್ತ ನಿಂತುಬಿಟ್ಟಳು.

“ಇದೇನ್ರೀ?”

ಗಂಡ ತಲೆ ಎತ್ತಲಿಲ್ಲ. “ನೀನು ಸಾಯೋದನ್ನ ನೋಡಕ್ಕಾಗಲ್ಲ ನಂಗೆ.”

“ನಾನು ಕುಡಿದಿಲ್ಲಾರೀ. ಒಂದು ಹನಿ ಜಾಸ್ತಿ ಕುಡಿದಿಲ್ಲ.”

“ಹಾಗಾದ್ರೆ ತೂಕ?”

ಈಗ ಅವಳಿಗೇ ಅವಳ ಮೇಲೆ ಅನುಮಾನ ಹುಟ್ಟಿತು. ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಕುಡಿಯುತ್ತಿದ್ದೇನೆಯೇ? ಸೊಂಟಕ್ಕೆ ಗೆಜ್ಜೆ ಕಟ್ಟಿ ಮಲಗಿಸಿ ಎಂದು ಅತ್ತೆಗೆ ಹೇಳಿದಳು. ಹೇಳಿದವಳು ನಗಲಿಲ್ಲ, ಕೇಳಿದವಳೂ ನಗಲಿಲ್ಲ.

ಮೂರನೇ ಸಲ ಎಚ್ಚರ ತಪ್ಪಿದಾಗ ಕಿಡ್ನಿ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಹೊಟ್ಟೆಯೊಳಗೆ ನೀರು ಸೇರಿರಬೇಕು, ಸ್ಕ್ಯಾನ್ ಮಾಡಿಸಿ ಎಂದರು.

ಸ್ಕ್ಯಾನಿಂಗ್ ಕೋಣೆ ಕತ್ತಲಾಗಿತ್ತು, ತಣ್ಣಗಿತ್ತು. ಅಲ್ಲಿದ್ದ ಡಾಕ್ಟರಮ್ಮ ಹೊಟ್ಟೆಗೆ ಜಿಗುಟು ಜೆಲ್ ಹಚ್ಚಿ ಉಪಕರಣ ಆಡಿಸುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿದರು. ಪರದೆಯ ಹತ್ತಿರಕ್ಕೆ ಮುಖ ಒಯ್ದರು. ಮತ್ತೆ ಆಡಿಸಿದರು, ಮತ್ತೆ ನಿಲ್ಲಿಸಿದರು.

“ನಿಮ್ಮ ಮುಟ್ಟು ಯಾವಾಗ ಆಗಿದ್ದು?”

“ಅದೆಲ್ಲ ನಿಂತುಹೋಗಿದೆ ಡಾಕ್ಟ್ರೇ. ಡಯಾಲಿಸಿಸ್ ಶುರುವಾದ ಮೇಲೆ ಯಾವಾಗ್ಲೋ ಒಂದ್ಸಲ, ಲೆಕ್ಕವೇ ಇಲ್ಲ. ಯಾಕೆ, ಗಡ್ಡೆನಾ?”

ಡಾಕ್ಟರಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು. ಬೂದುಬಣ್ಣದ ಮಬ್ಬಿನ ನಡುವೆ ಒಂದು ಕಾಳು ಪಟಪಟನೆ ಬಡಿದುಕೊಳ್ಳುತ್ತಿತ್ತು. ಅದರ ಮೇಲೆ ದುಂಡನೆಯ ತಲೆ. ಒಂದು ಕೈ ಮೇಲೆದ್ದು, ಮುಖದ ಮುಂದೆ ಹಾದು, ಕೆಳಗಿಳಿಯಿತು.

“ಐದು ತಿಂಗಳಾಗಿದೆಯಮ್ಮ.”

ಮೈಕಕ್ಕನಿಗೆ ಮಾತು ಕೇಳಿಸಿತು, ಅರ್ಥ ಒಳಗೆ ಇಳಿಯಲಿಲ್ಲ. ಯಾರದೋ ಹೊಟ್ಟೆಯ ಚಿತ್ರ ತಪ್ಪಿ ಇಲ್ಲಿ ಬಂದಿದೆ ಎಂದೇ ಅನಿಸಿತು. ಕಿಡ್ನಿ ಹೋದ ಹೆಂಗಸಿನ ಮೈಯಲ್ಲಿ ಹಾರ್ಮೋನುಗಳ ತಾಳ ತಪ್ಪುತ್ತದೆ, ಅಂಡ ಬಿಡುಗಡೆಯಾಗುವುದೇ ಅಪರೂಪ, ಬಸಿರಂತೂ ಇನ್ನೂ ಅಪರೂಪ. ಆ ಆಸೆ ಬಿಡಿ ಎಂದು ಮೊದಲ ದಿನವೇ ಯಾರೋ ಹೇಳಿದ್ದರು. ಗಂಡ ಹೆಂಡತಿ ಆಸೆ ಬಿಟ್ಟೂ ಇದ್ದರು. ರಕ್ತ ಹೆಚ್ಚಿಸಲು ಕೊಡುತ್ತಿದ್ದ ಇಂಜೆಕ್ಷನ್ನಿನಿಂದ ಮೈಗೆ ಕಳೆ ಬಂದಾಗ ಬಸಿರಾಗುವ ಶಕ್ತಿಯೂ ಮರಳಿ ಬಂದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹೊರಗೆ ಬೆಂಚಿನಲ್ಲಿ ಕೂತಿದ್ದ ಗಂಡ ಅವಳ ಮುಖ ನೋಡಿ ಎದ್ದು ನಿಂತ. “ನೀರಾ?”

“ಅಲ್ಲ,” ಎಂದಳು. ಆಮೇಲೆ ಹೇಳಿದಳು.

ಅವನು ಕೂತ. “ಫ್ರಿಜ್ಜಿಗೆ ಬೀಗ ಹಾಕಿದೆನಲ್ಲೇ,” ಎಂದ. ಅಷ್ಟು ದೊಡ್ಡ ಸುದ್ದಿಗೆ ಅವನ ಬಾಯಿಂದ ಬಂದದ್ದು ಅದೊಂದೇ ಮಾತು.

ದೊಡ್ಡ ಸಿಸ್ಟರ್‌ಗೆ ವಿಷಯ ತಿಳಿದದ್ದು ಮರುದಿನ. ಅವಳು ಯಂತ್ರದ ಗುಂಡಿಗಳ ಮೇಲೆ ಇಟ್ಟಿದ್ದ ಕೈಯನ್ನು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಏರಿದ್ದ ತೂಕದಲ್ಲಿ ನೀರಿನ ಜೊತೆ ಮಗು ಇತ್ತು, ಗರ್ಭಕೋಶವಿತ್ತು, ಬಸಿರಿಗೆಂದು ಮೈ ಕೂಡಿಸಿಕೊಂಡ ರಕ್ತವಿತ್ತು. ಅದನ್ನೆಲ್ಲ ಕದ್ದು ಕುಡಿದ ನೀರು ಎಂದುಕೊಂಡು ವಾರಗಟ್ಟಲೆ ಹಿಂಡಿದ್ದರು. ತಾಯಿಯ ಬಿ.ಪಿ. ಕುಸಿದಾಗಲೆಲ್ಲ ಒಳಗಿನ ಮಗುವಿಗೂ ರಕ್ತ ಕಡಿಮೆಯಾಗಿತ್ತು.

“ಈ ಕೈಯಲ್ಲೇ ಎಳೆದಿದ್ದೀನಿ,” ಎಂದಳು ಸಿಸ್ಟರ್. “ಎಲ್ಲರ ಮುಂದೆ ಬೈದೂ ಇದ್ದೀನಿ.”

“ನಾನೂ ನಂಬಿದ್ದೆ ಬಿಡಿ ಸಿಸ್ಟರ್,” ಎಂದಳು ಮೈಕಕ್ಕ. ಸಮಾಧಾನ ಹೇಳಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಕಿಡ್ನಿ ಡಾಕ್ಟರು ಗಂಡ, ಹೆಂಡತಿ, ಅತ್ತೆ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮುಂದುವರಿಸಿದರೆ ತಾಯಿಗೂ ಅಪಾಯವಿದೆ, ಮಗುವಿಗೂ ಇದೆ. ಇಷ್ಟು ತಿಂಗಳಾದ ಮೇಲೆ ತೆಗೆಸುವುದೂ ಸುಲಭವಲ್ಲ. ಇಟ್ಟುಕೊಳ್ಳುವುದಾದರೆ ಬಿ.ಪಿ. ಮಾತ್ರೆ ಇವತ್ತೇ ಬದಲಾಗಬೇಕು. ವಾರಕ್ಕೆ ಮೂರಲ್ಲ, ಆರು ದಿನ ಡಯಾಲಿಸಿಸ್ ಆಗಬೇಕು.

ಎಲ್ಲರೂ ಅತ್ತೆಯ ಮುಖ ನೋಡಿದರು. ಮೊಮ್ಮಗುವಿಗಾಗಿ ಹಂಬಲಿಸಿದ್ದ ಮುದುಕಿ, ಏನು ಹೇಳುತ್ತಾಳೆಂದು ಎಲ್ಲರಿಗೂ ಗೊತ್ತೇ ಇತ್ತು.

“ಬೇಡ,” ಎಂದಳು ಅತ್ತೆ. “ಕಂಡಿಲ್ಲದ ಮಗುಗೋಸ್ಕರ ಕಂಡಿರೋ ಮಗಳನ್ನ ಕಳ್ಕೊಳ್ಳಕ್ಕೆ ನಾನು ತಯಾರಿಲ್ಲ.”

ಮೈಕಕ್ಕ ಬೆರಗಾಗಿ ತಿರುಗಿದಳು. ಈ ಬಾಯಿ ತನ್ನನ್ನು ಮಗಳೆಂದದ್ದು ಅದೇ ಮೊದಲು. ಅವಳು ಅತ್ತೆಯ ಕೈ ಹಿಡಿದುಕೊಂಡೇ ಡಾಕ್ಟರಿಗೆ ಹೇಳಿದಳು: “ನೀವು ಇಷ್ಟು ಎಳೆದ್ರೂ ಅದು ಹೋಗಿಲ್ಲ ಡಾಕ್ಟ್ರೇ. ಈಗ ನಾನು ಹೇಗೆ ಬೇಡ ಅನ್ನಲಿ?”

ಆಮೇಲಿನ ತಿಂಗಳುಗಳನ್ನು ಆ ಮನೆ ಉಸಿರು ಬಿಗಿಹಿಡಿದೇ ಕಳೆಯಿತು. ಭಾನುವಾರ ಬಿಟ್ಟು ದಿನವೂ ಕುರ್ಚಿ. ಒಣ ತೂಕವನ್ನು ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿದರು. ಇದು ನೀರೋ ಮಗುವೋ ಎಂದು ಸಿಸ್ಟರ್ ಪ್ರತಿದಿನ ಪಾದ ಒತ್ತಿ, ಉಸಿರು ಆಲಿಸಿ, ಬಿ.ಪಿ. ನೋಡಿ, ಆಮೇಲೆಯೇ ಯಂತ್ರ ಮುಟ್ಟುತ್ತಿದ್ದಳು. ಉಪ್ಪಿನ ಕಟ್ಟುಪಾಡು ಹಾಗೇ ಉಳಿಯಿತು, ಊಟ ಹೆಚ್ಚಿತು.

ಒಂದು ಸ್ಕ್ಯಾನಿನಲ್ಲಿ ಮಗುವಿನ ಸುತ್ತ ನೀರು ಹೆಚ್ಚಾಗಿರುವುದು ಕಂಡಿತು. ಮತ್ತೆ ನೀರು ಎಂಬ ಮಾತು ಕೇಳಿ ಮೈಕಕ್ಕ, “ನಾನು ಜಾಸ್ತಿ ಕುಡಿದಿಲ್ಲ ಡಾಕ್ಟ್ರೇ,” ಎಂದಳು.

“ಇದು ನೀವು ಕುಡಿದ ನೀರಲ್ಲ,” ಎಂದರು ಡಾಕ್ಟರಮ್ಮ. “ಹೊಟ್ಟೆಯೊಳಗೆ ಮಗು ತೇಲೋ ನೀರು ಈ ತಿಂಗಳಲ್ಲಿ ಬಹುಪಾಲು ಮಗುವಿನ ಮೂತ್ರವೇ. ನಿಮ್ಮ ರಕ್ತದಲ್ಲಿರೋ ಕಸ ಮಗುವಿನ ರಕ್ತಕ್ಕೂ ಹೋಗುತ್ತೆ. ಅದನ್ನ ಹೊರಹಾಕೋಕೆ ಮಗುವಿನ ಕಿಡ್ನಿ ಜಾಸ್ತಿ ಮೂತ್ರ ಮಾಡ್ತಿದೆ. ನಿಮ್ಮ ರಕ್ತ ಇನ್ನೂ ಚೆನ್ನಾಗಿ ತೊಳೆದ್ರೆ ಅದು ಕಮ್ಮಿಯಾಗುತ್ತೆ.”

ಮೈಕಕ್ಕ ಪರದೆಯನ್ನೇ ದಿಟ್ಟಿಸಿದಳು. ಎರಡು ವರ್ಷದಿಂದ ಒಂದು ತೊಟ್ಟು ಮೂತ್ರ ಕಾಣದ ತನ್ನ ಮೈಯಲ್ಲಿ, ಮೊಳದಷ್ಟೂ ಇಲ್ಲದ ಜೀವವೊಂದು ಆ ಕೆಲಸ ಮಾಡುತ್ತ ಕೂತಿತ್ತು.

“ಅದರ ಕಿಡ್ನಿ ಸರಿಯಿದೆಯಾ ಹಾಗಾದ್ರೆ?”

“ಎರಡೂ ಕಾಣ್ತಿವೆ. ಚೆನ್ನಾಗಿವೆ.”

ಬೆಂಚಿನಲ್ಲಿ ಗಂಡನಿಗೆ ಇದನ್ನು ಹೇಳುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. “ಹುಟ್ಟೋಕೆ ಮುಂಚೆನೇ ಹಾಸಿಗೆ ಒದ್ದೆ ಮಾಡ್ತಿದೆ ರೀ,” ಎಂದಳು. ನಗು ಹೇಗೆ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಮಗು ಎಂಟನೇ ತಿಂಗಳು ತುಂಬುವ ಮುಂಚೆಯೇ ಬಂತು. ಬಿ.ಪಿ. ಏರಿದ್ದರಿಂದ ಒಂದು ಬೆಳಗ್ಗೆ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು, ಹಿಡಿಯಷ್ಟೇ ಗಾತ್ರ, ಕೂಗು ಮಾತ್ರ ಜೋರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿಕೊಂಡರು. ಮೊದಲ ದಿನಗಳಲ್ಲಿ ಅದು ಹುಯ್ದ ಮೂತ್ರಕ್ಕೆ ಮಿತಿಯಿರಲಿಲ್ಲ. ತಾಯಿಯಿಂದ ಬಂದ ಕಸವನ್ನೆಲ್ಲ ತೊಳೆದು ಹಾಕುತ್ತಿದೆ, ಮೈ ಒಣಗದಂತೆ ನೋಡಿಕೊಳ್ಳಬೇಕು ಎಂದು ಮಕ್ಕಳ ಡಾಕ್ಟರು ಹನಿಹನಿಯಾಗಿ ನೀರು ತುಂಬಿದರು. ಬಟ್ಟೆ ಬದಲಿಸಿ ಬದಲಿಸಿ ಅತ್ತೆಯ ಕೈ ಸೋತಿತು. ಆದರೂ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಈಗ ಮಗು ಗೋಡೆ ಹಿಡಿದು ನಡೆಯುತ್ತದೆ. ಪವಾಡವೇನೂ ಆಗಲಿಲ್ಲ, ಮೈಕಕ್ಕನ ಕಿಡ್ನಿ ಮರಳಿ ಬರಲಿಲ್ಲ. ಮತ್ತೆ ವಾರಕ್ಕೆ ಮೂರು ಬೆಳಗ್ಗೆ ಆ ಕುರ್ಚಿಯಲ್ಲಿ ಕೂರುತ್ತಾಳೆ. ಕಿಡ್ನಿ ಕಸಿಗೆ ಸರದಿಯಲ್ಲಿದ್ದಾಳೆ.

ಮೊನ್ನೆ ವಾರ್ಡಿಗೆ ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು, ಪಕ್ಕದ ಕುರ್ಚಿಯಿಂದ ಬಗ್ಗಿ, ಯಾರಿಗೂ ಕೇಳಿಸದಂತೆ ಕೇಳಿದಳು. “ನಿಜಾನಾ ಅಕ್ಕ, ನಿಮ್ಮದು? ನನಗೂ ಮುಟ್ಟು ನಿಂತಿದೆ. ಇನ್ನು ಅದೆಲ್ಲ ಮುಗೀತು ಅಂದ್ಕೊಂಡಿದ್ದೆ.”

“ನಿಜ,” ಎಂದಳು ಮೈಕಕ್ಕ. “ಆದ್ರೆ ಸುಲಭ ಅಂದ್ಕೋಬೇಡ. ನಾನು ಉಳಿದದ್ದೇ ಹೆಚ್ಚು. ಮಗು ಬೇಕಿದ್ರೂ ಡಾಕ್ಟರನ್ನ ಮೊದಲೇ ಕೇಳು, ಬೇಡದಿದ್ರೂ ಮೊದಲೇ ಕೇಳು. ನಾಚ್ಕೋಬೇಡ.”

ಆ ಹೆಂಗಸು ಮೆಲ್ಲಗೆ ಕೈಯೆತ್ತಿ, ಅತ್ತ ಕಡೆ ನಿಂತಿದ್ದ ಡಾಕ್ಟರನ್ನು ಕರೆದಳು.