ಗೋಡೆ ಬಿಟ್ಟು ಮುಂದೆ ಬಂದ ಮುತ್ಯಾ

ಅವತ್ತು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಗಾಳಿಯೂ ಇರಲಿಲ್ಲ. ಆದರೂ ಗೋಡೆಯ ಮೇಲೆ ನಮ್ಮ ಅಜ್ಜ, ಮುತ್ಯಾನ ಫೋಟೋ ಟಕ್... ಟಕ್... ಎನ್ನತೊಡಗಿತು.

ಇವತ್ತು ಬೆಳಿಗ್ಗೆ ಟ್ರಂಕಿನಿಂದ, ಅಜ್ಜಿ ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ ತೆಗೆದೆ. ಮಡಿಕೆ ಬಿಚ್ಚಿದಾಗ ಒಂದು ಚಿಟಿಕೆ ಕೆಂಪು ಮಣ್ಣು ಉದುರಿತು. ನೆನೆದ ಗೋಡೆಯ ಆ ವಾಸನೆ ಮೂಗಿಗೆ ಬಂದಿತು. ಊರಲ್ಲಿ ಪಕ್ಕದ ಮನೆಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ ಕಾಕಾ ನೆನಪಾದರು.

ಆಗ ಸುರಪುರದ ನಮ್ಮ ಕಲ್ಲುಮಣ್ಣಿನ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಯಾದಗಿರಿಯಲ್ಲಿ ಇತಿಹಾಸ ಓದಿ ಬಂದ ನನಗೆ ಮನೆತನದ ಕಥೆಯನ್ನೆಲ್ಲ ಪಡಸಾಲೆಯ ಗೋಡೆಗೆ ಏರಿಸುವ ಹುಚ್ಚು. ಮುತ್ಯಾನ ದೊಡ್ಡ ಫೋಟೋ ತೂಗುಹಾಕಿದೆ. ನಮ್ಮಲ್ಲಿ ಯಾರಿಗೂ ಓದಲು ಬಾರದ ಹಳೆಯ ಉರ್ದು ಕಾಗದಕ್ಕೆ ಗಾಜು ಹಾಕಿಸಿದೆ. ಪಕ್ಕದಲ್ಲಿ ಅಜ್ಜಿಯ ಕೌದಿ. ಅದರಲ್ಲಿ ಅವ್ವನ ಮದುವೆ ಸೀರೆಯ ತುಂಡಿತ್ತು, ನನ್ನ ತೊಟ್ಟಿಲ ಬಟ್ಟೆಯಿತ್ತು. ಕೌದಿಗೆ ಆ ಜಾಗವನ್ನೇ ಆರಿಸಲು ಇನ್ನೊಂದು ಕಾರಣವೂ ಇತ್ತು. ಅಲ್ಲಿ ಗೋಡೆ ಬಿರಿದಿತ್ತು. ಬಂದವರಿಗೆ ಅದು ಕಾಣಬಾರದಿತ್ತು, ಅಷ್ಟೇ.

ಬಂದವರೆಲ್ಲ ಮುತ್ಯಾನ ಮೀಸೆ ನೋಡಿದರು. ಕಾಕಾ ಮಾತ್ರ ಫೋಟೋದ ಕೆಳಗಿನ ಅಂಚು ನೋಡಿದರು. ಅದಕ್ಕೂ ಗೋಡೆಗೂ ನಡುವೆ ಎರಡು ಬೆರಳು ತೂರಿಸಿದರು.

"ತಂಗಿ, ನಿಮ್ಮ ಮುತ್ಯಾ ಗ್ವಾಡಿ ಬಿಟ್ಟು ಮುಂದ ಬಂದಾನಲ್ಲ?"

"ಮೊಮ್ಮಗಳನ್ನ ನೋಡಾಕ ಬಂದಿರಬೇಕ್ರಿ," ಎಂದು ನಕ್ಕೆ.

ಅವರು ನಗಲಿಲ್ಲ. "ಫೋಟೋ ನೆಟ್ಟಗ ಜೋತಾಡತದ. ಗ್ವಾಡಿನೇ ಬಾಗ್ಯಾದ. ಇದರ ಬುಡಕ ಮಲಗಬ್ಯಾಡ್ರಿ."

ನನ್ನ ಗೋಡೆಯಲ್ಲಿ ತಪ್ಪು ಹುಡುಕಿದರೆಂದು ಮುನಿಸಾಯಿತು. ಆಗಲೇ ಕೌದಿ ಎತ್ತಿ ಬಿರುಕು ತೋರಿಸಿದ್ದರೆ... ತೋರಿಸಲಿಲ್ಲ. ಮಂಚವನ್ನೂ ಸರಿಸಲಿಲ್ಲ.

ಆಮೇಲೆ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಈ ಟಕ್ ಟಕ್. ಮುತ್ಯಾನ ಕೆಳಗೆ ಮಂಚದ ಮೇಲೆ ಅವ್ವ ಮಲಗಿದ್ದಳು. ಕೌದಿಯ ಅಂಚಿನಿಂದ ಮಣ್ಣು ಸಣ್ಣಗೆ ಸುರಿದು ಅವಳ ಪಾದದ ಮೇಲೆ ಬೀಳುತ್ತಿತ್ತು. ಮೆಲ್ಲಗೆ ಕೌದಿ ಎತ್ತಿದೆ. ಮೊಳೆಯಷ್ಟಿದ್ದ ಬಿರುಕಿನಲ್ಲಿ ಈಗ ನನ್ನ ಅಂಗೈ ಹೋಗುತ್ತಿತ್ತು. ಅವ್ವನನ್ನು ಎಬ್ಬಿಸಬೇಕೆಂದೂ ತೋಚಲಿಲ್ಲ. ಓಡಿಹೋಗಿ ಕಾಕಾರ ಕೈ ಹಿಡಿದು ಎಳೆದುಕೊಂಡು ಬಂದೆ.

ಅವರು ಒಮ್ಮೆ ಗೋಡೆ ನೋಡಿದರು. "ಒದರಬ್ಯಾಡ," ಎಂದು ನನಗೆ ಪಿಸುಗುಟ್ಟಿ, ಅವ್ವನ ಹತ್ತಿರ ಹೋಗಿ ದಿನನಿತ್ಯದ ದನಿಯಲ್ಲೇ ಕರೆದರು. "ವೈನಿ, ಏಳ್ರಿ. ನಮ್ಮ ಮನ್ಯಾಗ ಚಾ ಆಗ್ಯಾದ, ಬರ್ರಿ."

"ಸುಡ್ಲಿ ನಿಮ್ಮ ಚಾ, ಈಗರ ಕಣ್ಣ ಹತ್ತಿತ್ತು..." ಅವ್ವ ಗೊಣಗುತ್ತ ಎದ್ದು ಕಾಲಿನಿಂದ ಚಪ್ಪಲಿ ತಡಕತೊಡಗಿದಳು.

"ಬರಿಗಾಲಲೇ ಬರ್ರಿ, ಆರಿ ಹೋಗತದ."

ಅವ್ವ ಹೊಸ್ತಿಲು ದಾಟಿದಳು. ನಾನು ಮುತ್ಯಾನನ್ನು ತರಲು ತಿರುಗಿದೆ. ಕಾಕಾ ಮುಂಗೈ ಹಿಡಿದ ಬಿಗಿಗೆ ಬಳೆ ಒಡೆಯಿತು.

"ಮುತ್ಯಾ ಒಮ್ಮಿ ಸತ್ತಾನ, ಇನ್ನೊಮ್ಮಿ ಸಾಯಂಗಿಲ್ಲ. ನೀ ನಡಿ!"

ಓಣಿಗೆ ಇಳಿದಿದ್ದೆವು, ಅಷ್ಟೇ. ತುಂಬಿದ ಚೀಲ ನೆಲಕ್ಕೆ ಹಾಕಿದಂಥ ಸದ್ದು. ಹಿಂದೆಯೇ ಬಾಗಿಲಿನಿಂದ ಕೆಂಪು ಧೂಳು. ಧೂಳು ಇಳಿದ ಮೇಲೆ ನೋಡಿದರೆ ಮಂಚ ಎಲ್ಲಿತ್ತೆಂದೇ ತಿಳಿಯಲಿಲ್ಲ. ಮಣ್ಣಿನಡಿ ಕೊನೆಗೆ ಸಿಕ್ಕಿದ್ದು ಕೌದಿಯೊಂದೇ.

ಶಹಾಪುರದ ಬಾಡಿಗೆ ಮನೆಗೆ ಬಂದರೂ ನಿದ್ದೆ ಬರಲಿಲ್ಲ. ನಲ್ಲಿ ತೊಟ್ಟಿಕ್ಕಿದರೂ ಇಬ್ಬರೂ ಎದ್ದು ಹೊರಗೆ ಓಡುತ್ತಿದ್ದೆವು. ಸುದ್ದಿ ಕೇಳಿ ಒಂದು ಭಾನುವಾರ ಕಾಕಾ ಬಸ್ಸಿನಲ್ಲಿ ಬಂದರು. ಗೋಡೆ ನೆಟ್ಟಗಿದೆಯೇ ಎಂದು ಅಳೆಯುವ, ಗುಂಡು ಕಟ್ಟಿದ ದಾರವನ್ನು ಜೇಬಿನಿಂದ ತೆಗೆದು ನಮ್ಮ ಹಾಸಿಗೆಯ ಪಕ್ಕದ ಗೋಡೆಗೆ ಇಳಿಬಿಟ್ಟರು. ದಾರಕ್ಕೂ ಗೋಡೆಗೂ ನಡುವೆ ಮೇಲೊಮ್ಮೆ, ಕೆಳಗೊಮ್ಮೆ ಎರಡು ಬೆರಳಿಟ್ಟು ತೋರಿಸಿದರು.

"ನೋಡ್ರಿ ವೈನಿ, ಮ್ಯಾಲ ಎಷ್ಟೋ ಕೆಳಗೂ ಅಷ್ಟ. ಇನ್ನ ಮಲಕೋರಿ." ದಾರವನ್ನು ಅಲ್ಲೇ ಬಿಟ್ಟು ಹೋದರು.

ಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಅವರದೊಂದು ಫೋಟೋ ನಮ್ಮಲ್ಲಿಲ್ಲ. ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ... ನಮ್ಮ ಗೋಡೆಯ ಮೇಲೆ ಈಗ ಆ ದಾರವೊಂದೇ ಇದೆ. ಇವತ್ತೂ ಕೌದಿಯನ್ನು ಕೊಡವದೆ ಹಾಗೇ ಮಡಚಿಟ್ಟೆ. ಯಾರ ಮನೆಗೆ ಹೋದರೂ ಫೋಟೋದ ಹಿಂದೆ ನನ್ನ ಎರಡು ಬೆರಳು ತಾವಾಗಿ ಹೋಗುತ್ತವೆ.

ಅವರು ದಾರ ಕಟ್ಟಿದ ಮರುದಿನ, ಸೋಮವಾರ, ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಹೊರಟುಹೋಗಿದ್ದನಂತೆ. ನಿದ್ದೆಯಲ್ಲಿ ಆ ಸದ್ದು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.